ಕೌನ್ಸೆಲರ್ ಅಂದರೆ ಯಾರು? ಬಾಸ್ಟನ್‌ನಿಂದ ತಾರ್ನಾಕದವರೆಗೆ

ತಾರ್ನಾಕದಲ್ಲಿ ಯಾರ ಹತ್ತಿರವಾದರೂ ‘ನಾನು ಕೌನ್ಸೆಲರ್’ ಎಂದು ಹೇಳಿಕೊಂಡರೆ ಮೊದಲು ಬರುವ ಪ್ರಶ್ನೆ, ‘ಯಾವ ಕಾಲೇಜಲ್ಲಿ ಸೀಟು ಕೊಡಿಸ್ತೀರಿ?’ ಎಂಬುದು. ಕೇಳುವವರ ತಪ್ಪೇನಿಲ್ಲ. ಈ ಊರಿನಲ್ಲಿ ಕೌನ್ಸೆಲಿಂಗ್ ಎಂದರೆ ಎಂಸೆಟ್ ರ‍್ಯಾಂಕ್ ಬಂದಮೇಲೆ ಸೀಟು ಹಂಚುವ ವ್ಯವಸ್ಥೆ. ಇನ್ನೊಂದು ಅರ್ಥವೂ ಇದೆ. ಕೋಚಿಂಗ್ ಸೆಂಟರಿನಲ್ಲೋ ವಿದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಯಲ್ಲೋ ಮುಂದಿನ ಮೇಜಿಗೆ ಕೂತು ಅಡ್ಮಿಷನ್ ಕುದುರಿಸುವವರಿಗೂ ಇಲ್ಲಿ ಕೌನ್ಸೆಲರ್ ಎಂದೇ ಹೆಸರು. ಶಾಲೆಯೊಂದರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಮಗುವಿನ ಮಾತು ಕೇಳುವವಳು ಎಂಬುದು ಮೂರನೆಯ ಅರ್ಥ. ಅದನ್ನು ನಾವೇ ಬಿಡಿಸಿ ಹೇಳಬೇಕು.

ನಾನು ರಾಯಚೂರು ಜಿಲ್ಲೆಯವಳು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಎಂ.ಎ. ಮಾಡಲು ಬಂದು ತಾರ್ನಾಕದಲ್ಲೇ ಉಳಿದೆ. ಓದು ಮುಗಿದ ವರ್ಷ ‘ಕೌನ್ಸೆಲರ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ನೋಡಿ ಹೋದ ಕಡೆಯೆಲ್ಲ ಒಂದೇ ಕತೆ. ಒಂದು ಕಡೆ ಕಿವಿಗೆ ಹೆಡ್‌ಫೋನು, ಕೈಗೆ ಹತ್ತನೇ ತರಗತಿ ಮಕ್ಕಳ ತಂದೆತಾಯಿಯರ ನಂಬರಿನ ಪಟ್ಟಿ, ಗೋಡೆಗೆ ತಿಂಗಳ ಟಾರ್ಗೆಟ್. ನಾನು ಕಲಿತ ವಿದ್ಯೆಗೂ ಈ ಕೆಲಸಕ್ಕೂ ಒಂದೇ ಹೆಸರು ಬಂದದ್ದು ಹೇಗೆ ಎಂಬ ಪ್ರಶ್ನೆ ಆಗ ಹುಟ್ಟಿತು. ಇದರ ಚರಿತ್ರೆ ಹುಡುಕಿಕೊಂಡು ಓದಿದ್ದು ಆಮೇಲೆ. ನಮ್ಮಂತೆ ಊರು ಬಿಟ್ಟು ಬಂದವರಿಗೆ ಅದರಲ್ಲಿ ಒಂದು ವಿಶೇಷವಿದೆ. ಈ ಕಸುಬು ಹುಟ್ಟಿದ್ದೇ ವಲಸೆ ಬಂದವರ ಓಣಿಯಲ್ಲಿ.

1908ರ ಜನವರಿಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ‘ವೊಕೇಷನ್ ಬ್ಯೂರೋ’ ಎಂಬ ಚಿಕ್ಕ ಕಚೇರಿ ತೆರೆದರು. ಪಾರ್ಸನ್ಸ್ ಎಂಜಿನಿಯರಿಂಗ್ ಓದಿದವರು, ವಕೀಲರಾದವರು, ಮೇಷ್ಟರಾದವರು. ತಮಗೆ ಹೊಂದುವ ಕೆಲಸ ಯಾವುದೆಂದು ತಾವೇ ಬಹಳ ಕಾಲ ಹುಡುಕಿದ್ದರು ಅನ್ನಬಹುದು. ಬ್ಯೂರೋ ನಡೆದದ್ದು ನಗರದ ನಾರ್ತ್ ಎಂಡ್ ಭಾಗದ ಸಿವಿಕ್ ಸರ್ವಿಸ್ ಹೌಸ್ ಎಂಬ ಸಂಸ್ಥೆಯ ಆಸರೆಯಲ್ಲಿ. ಇಟಲಿಯಿಂದ, ಪೂರ್ವ ಯುರೋಪಿನಿಂದ ಹಡಗು ಹತ್ತಿ ಬಂದವರು ಕಿಕ್ಕಿರಿದಿದ್ದ ಜಾಗ ಅದು. ಅಪ್ಪನ ಕಸುಬನ್ನು ಮಗ ಹಿಡಿಯುವ ಊರುಗಳಿಂದ ಬಂದ ಹುಡುಗರಿಗೆ ಇಲ್ಲಿ ಅಪ್ಪನ ಕಸುಬೇ ಇರಲಿಲ್ಲ. ಯಾವ ಕಾರ್ಖಾನೆಯಲ್ಲಿ ಏನು ಕೆಲಸ, ಅದರಲ್ಲಿ ಮುಂದೆ ಏರಲು ದಾರಿಯಿದೆಯೇ ಎಂದು ಹೇಳಲು ಮನೆಯ ಹಿರಿಯರಿಗೂ ತಿಳಿಯದು. ಊರಿನಲ್ಲಾಗಿದ್ದರೆ ಸೋದರಮಾವ ಹೇಳುತ್ತಿದ್ದ ಮಾತನ್ನು ಇಲ್ಲಿ ಹೇಳುವವರು ಬೇಕಿತ್ತು.

ಪಾರ್ಸನ್ಸ್ ಹೇಳಿದ ವಿಧಾನ ಸರಳ. ಮೊದಲು ನಿನ್ನನ್ನು ನೀನು ತಿಳಿ. ಆಮೇಲೆ ಕೆಲಸಗಳ ಒಳಹೊರಗನ್ನು ತಿಳಿ. ಕೊನೆಗೆ ಇವೆರಡನ್ನೂ ಎದುರುಬದುರು ಇಟ್ಟು ವಿಚಾರಮಾಡು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕ ಬಂದದ್ದು 1909ರಲ್ಲಿ. ಬ್ಯೂರೋವನ್ನು ಮುಂದೆ ನಡೆಸಿದ ಮೇಯರ್ ಬ್ಲೂಮ್‌ಫೀಲ್ಡ್ ಹುಟ್ಟಿದ್ದು ರುಮೇನಿಯಾದ ಬುಖಾರೆಸ್ಟಿನಲ್ಲಿ. ಅಂದರೆ ಅವರೂ ವಲಸೆ ಬಂದವರೇ. ಇದಕ್ಕೆ ಒಂದು ವರ್ಷ ಮೊದಲು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಜೆಸ್ಸಿ ಡೇವಿಸ್ ಎಂಬ ಪ್ರಿನ್ಸಿಪಾಲರು ವಾರಕ್ಕೊಂದು ಇಂಗ್ಲಿಷ್ ಪ್ರಬಂಧದ ಪೀರಿಯಡ್ಡನ್ನು ಮಕ್ಕಳು ತಮ್ಮ ಸ್ವಭಾವ ಮತ್ತು ಮುಂದಿನ ಕೆಲಸದ ಬಗ್ಗೆ ಯೋಚಿಸಿ ಬರೆಯಲೆಂದು ಮೀಸಲಿಟ್ಟಿದ್ದರು. ಶಾಲೆಯ ಟೈಮ್‌ಟೇಬಲ್ಲಿನೊಳಗೆ ಈ ಕೆಲಸ ಕಾಲಿಟ್ಟದ್ದು ಹಾಗೆ.

ನಮ್ಮ ದೇಶಕ್ಕೆ ಇದು ಮನೋವಿಜ್ಞಾನದ ಬೆನ್ನೇರಿ ಬಂತು. ಕಲ್ಕತ್ತಾ ವಿಶ್ವವಿದ್ಯಾಲಯದ ನಂತರ ಮನೋವಿಜ್ಞಾನಕ್ಕೆ ಬೇಗ ಜಾಗ ಕೊಟ್ಟದ್ದು ಮೈಸೂರು. 1924ರಲ್ಲಿ ಅಲ್ಲಿ ವಿಭಾಗ ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲೇ ರೇಡಿಯೊ ಕೇಂದ್ರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರೂ ಇವರೇ. ರೇಡಿಯೊದ ಗೋಪಾಲಸ್ವಾಮಿ ನಮಗೆಲ್ಲ ಗೊತ್ತು. ಮನಸ್ಸಿನ ವಿದ್ಯೆಯ ಗೋಪಾಲಸ್ವಾಮಿಯನ್ನು ನೆನೆಯುವವರು ಕಡಿಮೆ.

ಇತ್ತ ಮುಂಬಯಿ ಕರ್ನಾಟಕದಲ್ಲಿ ವಿ.ವಿ. ಕಾಮತರು ಇನ್ನೊಂದು ಕೆಲಸ ಮಾಡಿದರು. 1905ರಲ್ಲಿ ಪ್ಯಾರಿಸ್ಸಿನ ಶಾಲೆಗಳಿಗಾಗಿ ಬಿನೆ ಮತ್ತು ಸಿಮೋನ್ ರೂಪಿಸಿದ್ದ ಬುದ್ಧಿಮತ್ತೆಯ ಪರೀಕ್ಷೆಯನ್ನು ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಬೇರೆಬೇರೆ ಭಾಷೆಯ ಮಕ್ಕಳವರೆಗೂ ಹೋಯಿತು. ಎಂ.ಎ. ಪ್ರಾಕ್ಟಿಕಲ್‌ನಲ್ಲಿ ಈ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಾಗ, ಇದರ ಮೊದಲ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಕನ್ನಡದ ಮಕ್ಕಳು ಎಂದು ಯಾರೂ ಹೇಳಿರಲಿಲ್ಲ. ತಿಳಿದ ದಿನ ಖುಷಿಯಾಯಿತು. ಆದರೆ ಒಂದು ಮಾತು. ಪರೀಕ್ಷೆ ಒಂದು ಅಂಕಿ ಕೊಡುತ್ತದೆ. ಆ ಅಂಕಿಯ ಹಿಂದಿನ ಮಗುವಿನೊಂದಿಗೆ ಮಾತಾಡುವವರು ಬೇರೆಯೇ ಬೇಕು.

ನಮ್ಮ ಭಾಗದ ಕತೆ ಬೇರೆ. ರಾಯಚೂರು, ಗುಲಬರ್ಗಾ, ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಸಂಸ್ಥಾನದ ವಿಶ್ವವಿದ್ಯಾಲಯ, ಉರ್ದುವೇ ಬೋಧನೆಯ ಭಾಷೆ. ಪಠ್ಯಗಳನ್ನು ಉರ್ದುವಿಗೆ ತರಲೆಂದೇ ಅನುವಾದ ಸಂಸ್ಥೆಯೊಂದನ್ನು ಕಟ್ಟಿದ್ದರು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಉರ್ದು, ಬೀದಿಯಲ್ಲಿ ತೆಲುಗು. ಹೀಗೆ ಓದಿದವನಿಗೆ ನಮ್ಮ ಅಜ್ಜ ಹೇಳುತ್ತಿದ್ದಂತೆ ಎರಡೇ ದಾರಿ, ವಕೀಲಿ ಇಲ್ಲವೇ ತಹಸೀಲ್ ಕಚೇರಿ. ಮೂರನೆಯದನ್ನು ಹೇಳಲು ಹಾಸ್ಟೆಲಿನ ಸೀನಿಯರ್ ಇದ್ದರೆ ಉಂಟು. ಕನ್ನಡದವರು ಸೇರುವ ಜಾಗ ಎಂದರೆ ಕಾಚಿಗುಡಾದ ಕಡೆಯ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ. ಊರಿನಿಂದ ಬಂದವರಿಗೆ ಯಾರ ಮನೆಯಲ್ಲಿ ರೂಮಿದೆ, ಎಲ್ಲಿ ಕೆಲಸವಿದೆ ಎಂಬ ಸುದ್ದಿ ಸಿಗುವುದು ಇಂಥ ಕಡೆಗಳಲ್ಲೇ. ಪಾರ್ಸನ್ಸ್ ಕಚೇರಿ ತೆರೆದು ಮಾಡಿದ್ದನ್ನು ಇಲ್ಲಿ ಚಹಾ ಕುಡಿಯುತ್ತ ಮಾಡುತ್ತಿದ್ದರು ಅನ್ನೋಣ.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದರೂ ಹೈದರಾಬಾದಿನ ರೈಲು ಹತ್ತುವ ಅಭ್ಯಾಸ ನಿಲ್ಲಲಿಲ್ಲ. ಅದರ ಬೆನ್ನಿಗೇ ತಾರ್ನಾಕವೂ ಬೆಳೆಯಿತು. ತಂತಿಬೇಲಿಯ ನಾಕಾ ಎಂಬ ಅರ್ಥದಿಂದ ಈ ಹೆಸರು ಬಂತೆಂದು ಹೇಳುತ್ತಾರೆ. 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ ಪೋಷಣಾ ಸಂಶೋಧನಾಲಯ ಇಂದು ಇಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ. ಇಂದಿನ ಇಫ್ಲೂ ವಿಶ್ವವಿದ್ಯಾಲಯದ ಮೂಲವಾದ ಇಂಗ್ಲಿಷ್ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಪಕ್ಕದಲ್ಲೇ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಹಬ್ಸಿಗುಡಾದಲ್ಲಿ ಸಿಸಿಎಂಬಿ, ಆಚೆಗೆ ಭೂಭೌತ ಸಂಶೋಧನಾಲಯ. ಇಲ್ಲಿ ಸಂಸ್ಥೆಗಳೂ ವಲಸೆ ಬಂದಿವೆ, ಅವುಗಳ ಹಿಂದೆ ದೇಶದ ಎಲ್ಲ ಮೂಲೆಯ ಸಂಸಾರಗಳೂ ಬಂದಿವೆ. ಈ ಭಾಗದ ಶಾಲೆಯ ಒಂದೇ ಬೆಂಚಿನಲ್ಲಿ ಮೂರು ಮಾತೃಭಾಷೆ ಕೂತಿರುವುದು ಮಾಮೂಲು.

ಸ್ವತಂತ್ರ ಭಾರತದ ಸರ್ಕಾರಕ್ಕೆ ಈ ಕಸುಬು ಬೇಕೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1952ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಲಕ್ಷ್ಮಣಸ್ವಾಮಿ ಮೊದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಶಿಫಾರಸು ಮಾಡಿತು. ಕೃಷಿ, ತಂತ್ರ, ವಾಣಿಜ್ಯ, ಕಲೆ ಎಂದು ಹಲವು ದಾರಿ ತೆರೆದಾಗ ಯಾವ ಮಗು ಎತ್ತ ಹೋಗಬೇಕೆಂದು ತೋರಿಸಲು ತರಬೇತಾದ ಮಾರ್ಗದರ್ಶಕರು ಬೇಕು ಎಂದೂ ಹೇಳಿತು. 1954ರಲ್ಲಿ ಕೇಂದ್ರ ಸರ್ಕಾರ ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನದ ಬ್ಯೂರೋ ತೆರೆಯಿತು. 1964–66ರ ಕೊಠಾರಿ ಆಯೋಗ ಇನ್ನೂ ವ್ಯಾವಹಾರಿಕವಾಗಿ ಯೋಚಿಸಿತು. ಎಲ್ಲ ಶಾಲೆಗೂ ಒಬ್ಬೊಬ್ಬರನ್ನು ಕೊಡಲಾಗದಿದ್ದರೆ ಹತ್ತು ಪ್ರೌಢಶಾಲೆಗಳಿಗೆ ಸುತ್ತಾಡುವ ಒಬ್ಬ ಸಮಾಲೋಚಕರಾದರೂ ಇರಲಿ ಎಂದಿತು.

ಆ ಹತ್ತು ಶಾಲೆಗೊಬ್ಬರನ್ನು ರಾಯಚೂರಿನಲ್ಲಿ ಓದುವಾಗ ನಾನೂ ನೋಡಲಿಲ್ಲ, ನಮ್ಮ ತಂದೆಯೂ ನೋಡಲಿಲ್ಲ. ಹುದ್ದೆ ಕಾಗದದಲ್ಲೇ ಉಳಿಯಲು ಹಣವಿಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣ ತಾರ್ನಾಕದಲ್ಲಿ ಕೂತು ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. 1980ರ ದಶಕದಲ್ಲಿ ಎಂಸೆಟ್ ಬಂತು. ಮಗು ಎತ್ತ ಹೋಗಬೇಕೆಂದು ಮಾತಾಡಿ ತೀರ್ಮಾನಿಸಬೇಕಾದ ಜಾಗದಲ್ಲಿ ರ‍್ಯಾಂಕ್ ಕೂತಿತು. ರ‍್ಯಾಂಕೇ ಹೇಳುವಾಗ ಸಮಾಲೋಚಕರ ಮಾತು ಯಾರಿಗೆ ಬೇಕು? ಹೀಗೆ ಸೀಟು ಹಂಚುವ ಹಾಲ್‌ಗೆ ಕೌನ್ಸೆಲಿಂಗ್ ಎಂಬ ಹೆಸರು ಅಂಟಿಕೊಂಡಿತು. ಪಾರ್ಸನ್ಸರ ಮೂರು ಹೆಜ್ಜೆಗಳಲ್ಲಿ ಮೊದಲ ಎರಡು ಬಿದ್ದುಹೋಗಿ ಮೂರನೆಯದನ್ನು ಕಂಪ್ಯೂಟರ್ ಮಾಡತೊಡಗಿತು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಇವತ್ತು ನನಗೆ ಸಿಕ್ಕ ಕೆಲಸ ಎಲ್ಲಿಂದ ಬಂತು? ಅದು ಇನ್ನೊಂದು ಬಾಗಿಲಿನಿಂದ ಬಂತು. 1942ರಲ್ಲಿ ಅಮೆರಿಕದ ಕಾರ್ಲ್ ರೋಜರ್ಸ್ ಬರೆದ ಪುಸ್ತಕದ ನಂತರ ಸಮಾಲೋಚನೆಯ ತೂಕ ಸಲಹೆಯಿಂದ ಕೇಳಿಸಿಕೊಳ್ಳುವುದರ ಕಡೆಗೆ ವಾಲಿತು. ನಮ್ಮಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ‘ಕೊರವಂಜಿ’ಯ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕ ಅದು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳಂತೂ ಹಳ್ಳಿಯ ಲೈಬ್ರರಿಗಳಿಗೂ ತಲುಪಿದವು. ವಾರಪತ್ರಿಕೆಯ ಪ್ರಶ್ನೋತ್ತರದ ಪುಟಕ್ಕೆ ಹೆಸರಿಲ್ಲದೆ ಕಾಗದ ಬರೆದವರೂ ನಮ್ಮಲ್ಲಿ ಕಡಿಮೆಯೇನಲ್ಲ.

ಈ ಕೆಲಸಕ್ಕೆ ಕನ್ನಡದ ಹೆಸರು ಮನೆಮಾತಾದದ್ದು ಮಾತ್ರ ನಾವು ಎಣಿಸದ ಕಡೆಯಿಂದ. ಎಚ್‌ಐವಿ ಪರೀಕ್ಷೆಗೆ ಬಂದವರೊಂದಿಗೆ ಮೊದಲೂ ಆಮೇಲೂ ಮಾತಾಡಬೇಕೆಂಬ ನಿಯಮದಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ಗಳು ಬಂದವು. ತಾಲ್ಲೂಕು ಆಸ್ಪತ್ರೆಯ ಹಳದಿ ಬೋರ್ಡಿನ ಮೇಲೆ ನಾನು ಈ ಪದವನ್ನು ಮೊದಲು ಓದಿದ್ದು. ಇಂಗ್ಲಿಷಿನ ಕೌನ್ಸೆಲಿಂಗ್‌ನಲ್ಲಿ ಇಲ್ಲದ ‘ಆಪ್ತ’ವನ್ನು ಕನ್ನಡ ಸೇರಿಸಿಕೊಂಡಿದೆ. ಸೀಟು ಹಂಚುವವರನ್ನೋ ಅಡ್ಮಿಷನ್ ಮಾಡಿಸುವವರನ್ನೋ ಯಾರೂ ಆಪ್ತಸಮಾಲೋಚಕ ಎನ್ನುವುದಿಲ್ಲ. ಆ ಗೊಂದಲ ಕನ್ನಡದಲ್ಲಿ ಇಲ್ಲ.

ಶಾಲೆಗಳನ್ನು ಎಬ್ಬಿಸಿದ್ದು ಪರೀಕ್ಷೆಯ ಭಯ. 1998ರಿಂದ ಸಿಬಿಎಸ್‌ಇ ಪರೀಕ್ಷೆಯ ದಿನಗಳಲ್ಲಿ ದೂರವಾಣಿ ಸಮಾಲೋಚನೆ ನಡೆಸುತ್ತಿದೆ. ಆಮೇಲೆ ತನ್ನ ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕೆಂದೂ ನಿಯಮ ಮಾಡಿತು. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಬಂದಾಗ ಸುಮಾರು 9.7 ಲಕ್ಷ ಮಕ್ಕಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಫೇಲು ಎಂದು ಬಂತು. ಅಂಕಪಟ್ಟಿಗಳಲ್ಲಿ ದೋಷಗಳಿದ್ದವು. ಮರುಪರಿಶೀಲನೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪಾಸಾದರು. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡಿದ್ದರು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ನಮ್ಮ ವಿದ್ಯೆ ಒಪ್ಪುವ ಮಾತಲ್ಲ. ಆದರೆ ಫಲಿತಾಂಶದ ದಿನ ಮಗುವಿನ ಜೊತೆ ಒಬ್ಬರು ಇರಬೇಕು ಎಂಬುದು ಈ ಊರಿಗೆ ಅಂದು ಅರ್ಥವಾಯಿತು. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಆರಂಭವಾಯಿತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಆಂಧ್ರದ ಪ್ರಕರಣವೊಂದರ ತೀರ್ಪಿನಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೋ ಮನೋವಿಜ್ಞಾನಿಯೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಬೇಕು ಎಂದಿತು. ಹತ್ತು ಶಾಲೆಗೊಬ್ಬರು ಎಂಬಲ್ಲಿಂದ ನೂರು ಮಕ್ಕಳ ಶಾಲೆಗೂ ಒಬ್ಬರು ಎಂಬಲ್ಲಿಗೆ ಬರಲು ಸುಮಾರು ಅರವತ್ತು ವರ್ಷ ಹಿಡಿಯಿತು.

ನಾನು ಈಗ ಊರಿನ ಪೂರ್ವ ಭಾಗದ ಒಂದು ಖಾಸಗಿ ಶಾಲೆಯಲ್ಲಿದ್ದೇನೆ. ಮಕ್ಕಳ ಹೆಸರು, ಗುರುತು ಹೇಳುವಂತಿಲ್ಲ. ಹೇಳದಿರುವುದೇ ಈ ಕೆಲಸದ ಅರ್ಧ. ಹಲವು ಮಕ್ಕಳ ಕತೆ ಬೆರೆಸಿ ಒಂದನ್ನು ಹೇಳುತ್ತೇನೆ. ಹತ್ತನೇ ತರಗತಿಯ ಹುಡುಗಿ, ಮನೆಯವರು ಕಲಬುರಗಿ ಕಡೆಯವರು. ಅಪ್ಪ ಬಂದು ಕೂತರು.

‘ಮೇಡಂ, ನಮ್ಮಣ್ಣನ ಮಗಳು ಕಲಬುರಗಿಯೊಳಗ ಪಿಸಿಎಂಬಿ ತಗೊಂಡಾಳ. ಇಲ್ಲಿ ಕೇಳಿದ್ರ ಎಂಪಿಸಿ ಇಲ್ಲಂದ್ರ ಬೈಪಿಸಿ ಅಂತಾರ. ಎರಡೂ ಬೇಕು ಅಂದ್ರ ಏನ್ ಮಾಡ್ಬೇಕ್ರಿ?’

ಕರ್ನಾಟಕದಿಂದ ಬಂದ ಬಹಳ ಮನೆಗಳಲ್ಲಿ ಈ ಪ್ರಶ್ನೆಯಿದೆ. ಅಲ್ಲಿ ಗಣಿತ, ಜೀವಶಾಸ್ತ್ರ ಎರಡನ್ನೂ ಹಿಡಿದು ಹದಿನೆಂಟರವರೆಗೆ ಕಾಯಬಹುದು. ಇಲ್ಲಿನ ಇಂಟರ್‌ನಲ್ಲಿ ಹದಿನೈದಕ್ಕೇ ಒಂದನ್ನು ಬಿಡಬೇಕು. ಸಿಬಿಎಸ್‌ಇ ಹನ್ನೊಂದರಲ್ಲಿ ಎರಡನ್ನೂ ಕೊಡುವ ಶಾಲೆಗಳಿವೆ ಎಂದು ವಿವರಿಸಿದೆ. ಮುಂದೆ ಕರ್ನಾಟಕದ ಸಿಇಟಿಗೆ ಹೋಗುವುದಾದರೆ ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ನಿಯಮವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು, ಆದ್ದರಿಂದ ಮಗಳಿಗೆ ಕನ್ನಡ ಓದುಬರಹ ಬಿಡಿಸಬೇಡಿ ಎಂದೂ ಹೇಳಿದೆ. ಅವರು ಬರೆದುಕೊಂಡರು. ಇದು ಪಾರ್ಸನ್ಸರ ಎರಡನೇ ಹೆಜ್ಜೆ, ಮಾಹಿತಿ.

ಅಪ್ಪ ಹೊರಗೆ ಹೋದಮೇಲೆ ಹುಡುಗಿ ಅಷ್ಟು ಹೊತ್ತು ಆಡುತ್ತಿದ್ದ ಇಂಗ್ಲಿಷ್ ಬಿಟ್ಟಳು. ‘ಮಿಸ್, ನಂಗ ಎರಡೂ ಬ್ಯಾಡ’ ಅಂದಳು. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೂರನೇ ಸಲ ಬಂದಾಗ ರಾತ್ರಿ ನಿದ್ದೆ ಬರುವುದಿಲ್ಲ, ಪುಸ್ತಕ ತೆಗೆದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿದಳು. ಅವಳು ಒಪ್ಪಿದ ಮೇಲೆ ತಾಯಿಯನ್ನು ಕರೆಸಿದೆ, ಅಲ್ಲಿಂದ ವೈದ್ಯರಿಗೆ ತೋರಿಸಿದರು. ವಿಷಯದ ಆಯ್ಕೆಯ ಮಾತು ಮೂರು ತಿಂಗಳು ಬಿಟ್ಟು ಮತ್ತೆ ಎತ್ತಿಕೊಂಡೆವು. ಚರಿತ್ರೆಯಲ್ಲಿ ವೃತ್ತಿ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಎರಡು ಬಾಗಿಲಿನಿಂದ ಬಂದಿರಬಹುದು. ಮಗು ಬರುವುದು ಒಂದೇ ಬಾಗಿಲಿನಿಂದ.

ಈ ಕೆಲಸಕ್ಕೆ ಬರಬೇಕೆಂದು ಕೇಳುವ ನಮ್ಮ ಹುಡುಗ ಹುಡುಗಿಯರಿಗೆ ಎರಡು ಮಾತು. ಮನೋವಿಜ್ಞಾನದಲ್ಲೋ ಮಕ್ಕಳ ಬೆಳವಣಿಗೆಯ ಶಾಸ್ತ್ರದಲ್ಲೋ ಪದವಿ, ಸ್ನಾತಕೋತ್ತರ ಪದವಿ ಇದ್ದರೆ ದಾರಿ ನೇರ. ಬೇರೆ ಪದವಿ ಇರುವ ಶಿಕ್ಷಕರಿಗೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರಗಳಲ್ಲಿ ಒಂದು. ರೋಗ ಗುರುತಿಸಿ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದು ಬೇರೆ ಓದು. ನಮ್ಮ ಕೆಲಸದ ಗಡಿ ಎಲ್ಲಿ ಮುಗಿಯುತ್ತದೆ, ಯಾರ ಹತ್ತಿರ ಕಳಿಸಬೇಕು ಎಂದು ತಿಳಿದಿರುವುದೂ ಅರ್ಹತೆಯೇ.

ಸಂದರ್ಶನದಲ್ಲಿ ಸಂಬಳದ ಜೊತೆಗೆ ಇನ್ನೂ ಮೂರು ಸಂಗತಿ ಕೇಳಿ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದೆಯೇ? ರಜೆ ಹಾಕಿದ ಟೀಚರ್ ಬದಲಿಗೆ ದಿನಾ ನನ್ನನ್ನು ಕ್ಲಾಸಿಗೆ ಕಳಿಸುತ್ತೀರಾ? ಮಗು ಹೇಳಿದ್ದರಲ್ಲಿ ಯಾವುದನ್ನು, ಯಾರಿಗೆ, ಯಾವಾಗ ಹೇಳಬೇಕೆಂದು ಬರೆದಿಟ್ಟ ನಿಯಮ ಇದೆಯೇ? ನಾನು ಮೊದಲು ಸೇರಿದ್ದ ಶಾಲೆಯೊಂದರಲ್ಲಿ ನನ್ನ ಮೇಜು ಸ್ಟಾಫ್ ರೂಮಿನ ಮೂಲೆಯಲ್ಲಿತ್ತು. ಒಂದು ವರ್ಷದಲ್ಲಿ ಮಕ್ಕಳು ನನ್ನ ಹತ್ತಿರ ಬಂದು ಹೇಳಿದ್ದು ತಲೆನೋವು, ಹೊಟ್ಟೆನೋವು ಮಾತ್ರ. ಈಗಿನ ಕಡೆ ಕೋಣೆಯಿದೆ. ಅದು ಮೊದಲು ಕ್ರೀಡಾ ಸಾಮಾನು ಇಡುವ ಜಾಗವಾಗಿತ್ತು, ಮಳೆಗಾಲದಲ್ಲಿ ಇನ್ನೂ ರಬ್ಬರಿನ ವಾಸನೆ ಬರುತ್ತದೆ. ಆದರೆ ಬಾಗಿಲು ಮುಚ್ಚುತ್ತದೆ.

ಕೋರ್ಟು ಹೇಳಿದೆಯೆಂದು ಎಲ್ಲ ಶಾಲೆಗಳೂ ನಾಳೆಯೇ ಒಬ್ಬರನ್ನು ಕೂರಿಸಬಹುದು. ಹುದ್ದೆ ತುಂಬಿದ ಲೆಕ್ಕ ಕಾಗದದಲ್ಲಿ ಸಿಗುತ್ತದೆ. ಆ ಕುರ್ಚಿಯ ಮುಂದೆ ಮಗು ಬಂದು ಕೂರುತ್ತದೆಯೇ ಎಂಬ ಲೆಕ್ಕ ಬೇರೆ. ಅದನ್ನು ಮುಂದಿನ ಪೋಷಕರ ಸಭೆಯಲ್ಲಿ ನೀವೇ ತೆಗೆಯಬಹುದು. ನಿಮ್ಮ ಮಗುವಿನ ಶಾಲೆಯಲ್ಲಿ ಕೌನ್ಸೆಲರ್ ಇದ್ದಾರೆಯೇ ಎಂದು ಮಾತ್ರ ಕೇಳಬೇಡಿ, ಅವರು ಎಲ್ಲಿ ಕೂರುತ್ತಾರೆ ಎಂದೂ ಕೇಳಿ.